ತೋಟದ ಕೆಲಸ ಒಂದೂ ತಪ್ಪಿಲ್ಲ, ಅಪ್ಪನ ಪೌತಿ ಖಾತೆ ಮಾತ್ರ ಆಗುತ್ತಿಲ್ಲ

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನದು ಮೂಡಿಗೆರೆ ತಾಲ್ಲೂಕು, ವಯಸ್ಸು 41. ಎಂಟು ಎಕರೆ ಕಾಫಿ ತೋಟ, ಮಧ್ಯೆ ಮೆಣಸು. ಅಪ್ಪ ತೀರಿಕೊಂಡು ಮೂರು ವರ್ಷ ಆಯಿತು. ಪಹಣಿ ಇನ್ನೂ ಅವರ ಹೆಸರಲ್ಲೇ ಇದೆ. ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದು, ಮಾಡಿಸಬೇಕು ಅಂತ ಅಂದಿನಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಕಾಗದಗಳ ಫೈಲು ಬೀರುವಿನ ಮೇಲಿದೆ, ಕೆಳಗೆ ಇಳಿಸಿಲ್ಲ. ಬೆಳೆ ಸಾಲಕ್ಕೆ ಹೋದರೆ ಬ್ಯಾಂಕಿನವರು ಖಾತೆ ಕೇಳುತ್ತಾರೆ. ಪ್ರತಿ ರಾತ್ರಿ ‘ನಾಳೆ ನಾಡಕಚೇರಿಗೆ ಹೋಗುವುದೇ’ ಎಂದು ಮಲಗುತ್ತೇನೆ. ಬೆಳಿಗ್ಗೆ ಫೋನ್ ಹಿಡಿದು ಕೂತರೆ ಒಂಬತ್ತೂವರೆ ಆಗಿರುತ್ತದೆ. ಆಮೇಲೆ ತೋಟದಲ್ಲಿ ಏನೋ ಕೆಲಸ ಕಾಣುತ್ತದೆ. ಅಮ್ಮ ನಮ್ಮ ಜೊತೆ ಇದ್ದಾರೆ. ಅಕ್ಕ ಬೆಂಗಳೂರಿನಲ್ಲಿ, ತಂಗಿ ಹಾಸನದಲ್ಲಿ. ಹೆಂಡತಿ ‘ನಿಮ್ಮಂಥ ಸೋಮಾರಿ ಇನ್ನೊಬ್ಬರಿಲ್ಲ’ ಅನ್ನುತ್ತಾಳೆ. ವಿಡಿಯೋ ನೋಡಿ ಟೈಮ್ ಟೇಬಲ್ ಹಾಕಿದೆ, ನಾಲ್ಕು ದಿನಕ್ಕೆ ನಿಂತಿತು. ತೋಟದ ಕೆಲಸ ಮಾತ್ರ ಯಾವತ್ತೂ ತಪ್ಪಿಸಿಲ್ಲ. ನಾನು ನಿಜಕ್ಕೂ ಸೋಮಾರಿಯಾ? ಇದಕ್ಕೆ ಮಾತ್ರೆ ಏನಾದರೂ ಇದೆಯಾ?

ಉತ್ತರ: ನೀವು ಸೋಮಾರಿ ಅಲ್ಲ. ಸಮಾಧಾನಕ್ಕೆ ಹೇಳುತ್ತಿರುವ ಮಾತಲ್ಲ ಇದು. ‘ತೋಟದ ಕೆಲಸ ಯಾವತ್ತೂ ತಪ್ಪಿಸಿಲ್ಲ’ ಎಂದು ನೀವೇ ಬರೆದಿದ್ದೀರಿ. ಆ ಸಾಲನ್ನು ನೀವು ಸುಮ್ನೆ ಬರೆದು ಮುಂದೆ ಹೋಗಿದ್ದೀರಿ. ನನಗೆ ಅದೇ ಮುಖ್ಯ ಅನ್ನಿಸಿತು.

ಎಂಟು ಎಕರೆ ಕಾಫಿಯನ್ನು ಸೋಮಾರಿ ನೋಡಿಕೊಳ್ಳಲು ಆಗುವುದಿಲ್ಲ. ಕೊಯ್ಲು ಮುಗಿಯುತ್ತಿದ್ದಂತೆ ಕಸಿ, ಅಂದರೆ ಗಿಡದ ರೆಂಬೆ ಸವರುವುದು, ಆಮೇಲೆ ಚಿಗುರು ತೆಗೆಯುವುದು. ಮುಂಗಾರಿಗೆ ಮೊದಲು ಎಲೆ ತುಕ್ಕು ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕು, ಮಳೆ ಕಳೆದ ಮೇಲೆ ಇನ್ನೊಂದು ಸುತ್ತು. ಅರೇಬಿಕಾ ಇದ್ದರೆ ಬಿಳಿ ಕಾಂಡ ಕೊರಕದ ಕಾಟ ಬೇರೆ. ಏಪ್ರಿಲ್-ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ ದುಂಬಿ ಹೊರಗೆ ಬರುತ್ತದೆ. ಅದಕ್ಕೆ ಮೊದಲೇ ಸಾಲು ಸಾಲು ಗಿಡ ನೋಡಿ, ಹುಳು ಬಿದ್ದದ್ದನ್ನು ಕಿತ್ತು ಸುಡಬೇಕು. ಇಷ್ಟನ್ನೂ ಹೊತ್ತಿಗೆ ಸರಿಯಾಗಿ ಮಾಡುವವರು ನೀವು. ಹಾಗಾದರೆ ಒಂದು ಅರ್ಜಿ ಯಾಕೆ ಆಗುತ್ತಿಲ್ಲ? ಇದನ್ನು ಕೇಳಿದರೆ ದಾರಿ ಸಿಗುತ್ತದೆ. ‘ನಾನು ಯಾಕೆ ಹೀಗೆ’ ಎಂದು ಕೇಳಿದರೆ ಬೇಸರ ಮಾತ್ರ ಸಿಗುತ್ತದೆ.

ಕೆಲಸ ಮುಂದೂಡುವ ಸ್ವಭಾವದ ಬಗ್ಗೆ ಮನಶ್ಶಾಸ್ತ್ರದಲ್ಲಿ ಈಗ ತುಂಬ ಸಂಶೋಧನೆ ಆಗಿದೆ. ಕೆನಡಾದ ಪಿಯರ್ಸ್ ಸ್ಟೀಲ್ 2007ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ದೊಡ್ಡವರಲ್ಲಿ ನೂರಕ್ಕೆ 15ರಿಂದ 20 ಮಂದಿಗೆ ಇದು ಬಿಡದ ಅಭ್ಯಾಸ ಎಂಬುದು ಅದರಲ್ಲಿ ಬಂದ ಅಂದಾಜು. ಕಾಲೇಜು ಹುಡುಗರಲ್ಲಂತೂ ಇನ್ನೂ ಜಾಸ್ತಿ. ಮೊದಲು ಇದನ್ನು ಸಮಯ ಹೊಂದಿಸಲು ಬಾರದವರ ಸಮಸ್ಯೆ ಎಂದು ನೋಡುತ್ತಿದ್ದರು. ನೀವು ನೋಡಿದ ವಿಡಿಯೋಗಳೂ ಅದೇ ದಾರಿಯವು ಇರಬೇಕು. ಫ್ಯೂಷಿಯಾ ಸಿರೋಯಿಸ್ ಮತ್ತು ಟಿಮ್ ಪಿಚಿಲ್ ಎಂಬ ಸಂಶೋಧಕರು 2013ರಲ್ಲಿ ಬೇರೆ ಮಾತು ಹೇಳಿದರು. ಮುಂದೂಡುವುದು ಗಡಿಯಾರಕ್ಕೆ ಸಂಬಂಧಪಟ್ಟದ್ದಕ್ಕಿಂತ ಜಾಸ್ತಿ ಮನಸ್ಸಿಗೆ ಸಂಬಂಧಪಟ್ಟದ್ದು. ಕೆಲಸ ನೆನಪಾದ ಕೂಡಲೇ ಒಂದು ಕಸಿವಿಸಿ ಆಗುತ್ತದೆ. ಭಯವೋ, ಬೇಸರವೋ, ಅವಮಾನವೋ, ದುಃಖವೋ. ಕೆಲಸವನ್ನು ಪಕ್ಕಕ್ಕಿಟ್ಟರೆ ಆ ಕ್ಷಣಕ್ಕೆ ಅದು ಇಳಿಯುತ್ತದೆ. ಇಳಿಯಿತಲ್ಲ, ಮನಸ್ಸು ಅದನ್ನು ಕಲಿತುಬಿಡುತ್ತದೆ. ಮುಂದಿನ ಸಲ ಇನ್ನೂ ಬೇಗ ಪಕ್ಕಕ್ಕಿಡುತ್ತದೆ. ಮೂರು ವರ್ಷ ಹೀಗೆ ನಡೆದರೆ ಅಭ್ಯಾಸ ಎಷ್ಟು ಗಟ್ಟಿಯಾಗಿರಬೇಡ, ಯೋಚಿಸಿ.

2001ರಲ್ಲಿ ಅಮೆರಿಕದಲ್ಲಿ ಡಯಾನ್ ಟೈಸ್ ಮತ್ತು ಜೊತೆಯವರು ಮಾಡಿದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಮನಸ್ಸು ಕೆಟ್ಟಿದ್ದವರಿಗೆ ಒಂದು ಪರೀಕ್ಷೆಗೆ ಅಭ್ಯಾಸ ಮಾಡಲು ಸಮಯ ಕೊಟ್ಟರು. ಹೊತ್ತು ಕಳೆಯುವ ವಸ್ತುಗಳನ್ನೂ ಅಲ್ಲೇ ಇಟ್ಟರು. ಅವರು ಅಭ್ಯಾಸ ಬಿಟ್ಟು ಆ ವಸ್ತುಗಳ ಕಡೆಗೇ ಹೋದರು. ಆದರೆ ಕೆಲವರಿಗೆ ಮೊದಲೇ ಹೇಳಿದ್ದರು: ‘ಇನ್ನು ಸ್ವಲ್ಪ ಹೊತ್ತು ನಿಮ್ಮ ಮನಸ್ಥಿತಿ ಏನು ಮಾಡಿದರೂ ಬದಲಾಗುವುದಿಲ್ಲ.’ ಅದನ್ನು ನಂಬಿದವರು ಹಾಗೆ ಹೊತ್ತು ಕಳೆಯಲಿಲ್ಲ. ತಪ್ಪಿಸಿಕೊಂಡರೂ ಹಾಯೆನಿಸುವುದಿಲ್ಲ ಎಂದು ಗೊತ್ತಾದರೆ ತಪ್ಪಿಸಿಕೊಳ್ಳುವ ಆಸೆಯೇ ಕಡಿಮೆ ಆಗುತ್ತದೆ, ಅಲ್ವಾ? ಬೆಳಿಗ್ಗೆ ನಿಮ್ಮ ಕೈಗೆ ಫೋನ್ ಬರುವುದೂ ಇದಕ್ಕೇ. ನಿಮಗೆ ವಿಡಿಯೋ ಬೇಕಾಗಿಲ್ಲ. ರಾತ್ರಿ ಅಂದುಕೊಂಡ ಕೆಲಸ ಎದ್ದ ಕೂಡಲೇ ನೆನಪಾಗಿ ಹೊಟ್ಟೆಯಲ್ಲಿ ಏನೋ ಆಗುತ್ತದಲ್ಲ, ಅದನ್ನು ಮರೆಸಲು ಏನಾದರೂ ಬೇಕು, ಅಷ್ಟೆ.

ಈಗ ನಿಮ್ಮ ಫೈಲಿಗೆ ಬರೋಣ. ಅದರೊಳಗೆ ಏನಿದೆ? ಅಪ್ಪನ ಮರಣ ಪ್ರಮಾಣಪತ್ರ ಇದೆ. ಅವರು ಕಟ್ಟಿದ ಕಂದಾಯದ ರಸೀದಿ ಇರಬಹುದು, ಅವರ ರುಜು ಇರಬಹುದು. ಅರ್ಜಿ ಕೊಟ್ಟರೆ ಪಹಣಿಯಿಂದ ಅವರ ಹೆಸರು ಹೋಗುತ್ತದೆ. ಇಷ್ಟು ದಿನ ಪಹಣಿ ತೆಗೆದಾಗಲೆಲ್ಲ ಅವರ ಹೆಸರು ಕಂಡಿದೆ. ಅದನ್ನು ತೆಗೆಯಿರಿ ಎಂದು ನೀವೇ ಕೈಯಾರೆ ಬರೆದು ಕೊಡಬೇಕು. ಮಗನಿಗೆ ಇದು ಸಣ್ಣ ವಿಷಯ ಅಲ್ಲ. ತಿಥಿ, ವರ್ಷಾಂತಿಕ ಎಲ್ಲ ಆಗಿರಬಹುದು. ದುಃಖಕ್ಕೆ ಅಷ್ಟು ಸಾಕು ಎಂದು ನಾವು ತಿಳಿದಿರುತ್ತೇವೆ. ಈ ಜಿಲ್ಲೆಯಲ್ಲಿ ಆಪ್ತಸಮಾಲೋಚನೆ ಮಾಡುತ್ತ ನಾನು ನೋಡಿರುವುದು ಬೇರೆ. ಅಳದೆ ಗಟ್ಟಿಯಾಗಿ ನಿಂತು ಎಲ್ಲ ಕಾರ್ಯ ಮಾಡಿಸಿದ ಮಕ್ಕಳೇ ಆಮೇಲೆ ಇಂಥ ಕಾಗದಗಳ ಮುಂದೆ ನಿಂತುಬಿಡುತ್ತಾರೆ. ತೀರಿಕೊಂಡವರ ಬ್ಯಾಂಕ್ ಪಾಸ್‌ಬುಕ್, ಮೊಬೈಲ್ ಸಿಮ್, ಬೈಕಿನ ಆರ್.ಸಿ. ಯಾವುದನ್ನೂ ಮುಟ್ಟಲು ಆಗುವುದಿಲ್ಲ. ಹೊರಗಿನವರಿಗೆ ಅದು ಅಸಡ್ಡೆ ಥರ ಕಾಣುತ್ತದೆ.

ಇನ್ನೊಂದು ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಅಕ್ಕ, ತಂಗಿ ಎಲ್ಲಿದ್ದಾರೆ ಎಂದು ಬರೆದಿದ್ದೀರಿ. ಅವರ ಜೊತೆ ಈ ವಿಷಯ ಮಾತಾಡಿದ್ದೀರಾ ಎಂದು ಬರೆದಿಲ್ಲ. ನನ್ನ ಊಹೆ ಇದು: ನಿಮ್ಮ ಮನಸ್ಸಿನಲ್ಲಿ ಖಾತೆ ಮತ್ತು ಪಾಲು ಎರಡೂ ಒಂದೇ ಗಂಟಾಗಿ ಕೂತಿವೆ. ಅರ್ಜಿ ಹಾಕಿದರೆ ಪಾಲಿನ ಮಾತು ಬರುತ್ತದೆ, ಪಾಲಿನ ಮಾತು ಬಂದರೆ ಸಂಬಂಧ ಕೆಡುತ್ತದೆ, ಅದಕ್ಕೆ ಫೈಲು ಮೇಲೇ ಇರಲಿ. ಹೀಗೆ ಯಾರೂ ಬಾಯಿಬಿಟ್ಟು ಅಂದುಕೊಳ್ಳುವುದಿಲ್ಲ. ಒಳಗೆ ಮಾತ್ರ ನಡೆಯುತ್ತಿರುತ್ತದೆ.

ಇಲ್ಲಿ ಎರಡು ವಿಷಯ ತಿಳಿದಿದ್ದರೆ ಭಾರ ಇಳಿಯುತ್ತದೆ. ಒಂದು, ಪೌತಿ ಖಾತೆ ಅಂದರೆ ಜಮೀನು ಭಾಗ ಮಾಡುವುದಲ್ಲ. ವಾರಸುದಾರರೆಲ್ಲರ ಹೆಸರು ಜಂಟಿಯಾಗಿ ಪಹಣಿಗೆ ಬರುತ್ತದೆ. ವಿಭಾಗ ಪತ್ರ ಬೇರೆ ಕೆಲಸ. ಅದನ್ನು ಆಮೇಲೆ, ಎಲ್ಲರೂ ಕೂತು ಮಾತಾಡಿದಾಗ ಮಾಡಿಕೊಳ್ಳಬಹುದು. ಇನ್ನೊಂದು, ನೀವು ಅರ್ಜಿ ಹಾಕದಿದ್ದರೆ ಅಕ್ಕ-ತಂಗಿಯ ಹಕ್ಕು ಹೋಗುವುದಿಲ್ಲ, ಹಾಕಿದರೆ ಹೊಸದಾಗಿ ಹುಟ್ಟುವುದೂ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಬಂದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಇದೆ. ಅದು ಹುಟ್ಟಿನಿಂದಲೇ ಬರುವ ಹಕ್ಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಇನ್ನೂ ಸ್ಪಷ್ಟವಾಗಿ ಹೇಳಿತು. ಅಪ್ಪನ ಸ್ವಂತ ಸಂಪಾದನೆ ಆಗಿದ್ದು, ಉಯಿಲು ಇಲ್ಲದಿದ್ದರೂ ಅಮ್ಮನಿಗೂ ಎಲ್ಲ ಮಕ್ಕಳಿಗೂ ಸಮಪಾಲು. ಅಂದರೆ ನಿಮ್ಮ ಫೈಲು ಯಾವುದನ್ನೂ ತಡೆಯುತ್ತಿಲ್ಲ. ನಿಮ್ಮ ಬೆಳೆ ಸಾಲವನ್ನು ಮಾತ್ರ ತಡೆಯುತ್ತಿದೆ.

ತೋಟದ ಕೆಲಸ ಆಗಿ ಇದು ಯಾಕೆ ಆಗುವುದಿಲ್ಲ ಎಂಬುದಕ್ಕೆ ಇನ್ನೊಂದು ಕಾರಣವೂ ಇದೆ. ತೋಟಕ್ಕೆ ಗಡುವು ಹೊರಗಿನಿಂದ ಬರುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ನಿಮ್ಮನ್ನು ಕೇಳಿ ಬರುವುದಿಲ್ಲ. ಮುಂಗಾರು ಶುರುವಾದರೆ ಸಿಂಪರಣೆಗೆ ಬಿಡುವು ಸಿಗುವುದಿಲ್ಲ. ಬೆಳಿಗ್ಗೆ ಕೆಲಸದವರು ಬಂದು ನಿಂತರೆ ನೀವು ಹೋಗಲೇಬೇಕು. ಖಾತೆಗೆ ಮಳೆ ಇಲ್ಲ, ಕೆಲಸದವರಿಲ್ಲ. ಇವತ್ತು ಮಾಡಿದರೂ ಒಂದೇ, ಮುಂದಿನ ವಾರ ಮಾಡಿದರೂ ಒಂದೇ ಅನ್ನಿಸುತ್ತದೆ. ಸ್ಟೀಲ್ ಕೂಡ ಇದನ್ನೇ ಹೇಳಿದ್ದಾರೆ. ಫಲ ದೂರ ಇದ್ದಷ್ಟೂ ಮನಸ್ಸಿಗೆ ಆ ಕೆಲಸದ ತೂಕ ಕಡಿಮೆ. ಮಾಡಿ ಮುಗಿಸಬಲ್ಲೆ ಎಂಬ ನಂಬಿಕೆ ಕಡಿಮೆ ಇದ್ದರೆ ತೂಕ ಇನ್ನೂ ಇಳಿಯುತ್ತದೆ. ‘ಕಚೇರಿಗೆ ಹೋದರೂ ಕೆಲಸ ಆಗುತ್ತೋ ಇಲ್ವೋ’ ಎಂಬ ಅನುಮಾನ ನಮ್ಮಲ್ಲಿ ಯಾರಿಗಿಲ್ಲ?

ಹಾಗಾಗಿ ಹೊರಗಿನ ಗಡುವನ್ನು ನೀವೇ ತಂದುಕೊಳ್ಳಬೇಕು. ಡ್ಯಾನ್ ಏರಿಯಲಿ ಮತ್ತು ಕ್ಲಾಸ್ ವರ್ಟನ್‌ಬ್ರಾಕ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ಬರಹಗಳನ್ನು ತಿದ್ದಿಕೊಡುವ ಕೆಲಸ ಇತ್ತು. ವಾರಕ್ಕೊಂದರಂತೆ ಕೊಡಬೇಕು ಎಂದು ಹೊರಗಿನಿಂದ ಗಡುವು ಹಾಕಿಸಿಕೊಂಡವರು ಎಲ್ಲರಿಗಿಂತ ಚೆನ್ನಾಗಿ ಮಾಡಿದರು. ತಾವೇ ಗಡುವು ಹಾಕಿಕೊಂಡವರು ಎರಡನೆಯವರು. ಕೊನೆಗೆ ಎಲ್ಲ ಒಟ್ಟಿಗೆ ಕೊಡಿ ಎಂದು ಬಿಟ್ಟವರು ಎಲ್ಲರಿಗಿಂತ ಹಿಂದೆ. ನೀವು ಮೂರು ವರ್ಷದಿಂದ ಆ ಕೊನೆಯ ಗುಂಪಿನಲ್ಲಿದ್ದೀರಿ.

ಹೆಂಡತಿ ಹೇಳುವ ಮಾತಿಗಿಂತ ನೀವು ನಿಮಗೇ ಹೇಳಿಕೊಳ್ಳುವ ಮಾತಿನ ಬಗ್ಗೆ ನನಗೆ ಚಿಂತೆ. ಬೈದುಕೊಂಡರೆ ಬುದ್ಧಿ ಬರುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಮನೆಯಲ್ಲಿ, ಶಾಲೆಯಲ್ಲಿ ಹಾಗೇ ಬೆಳೆದದ್ದು. ಆದರೆ ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ 119 ವಿದ್ಯಾರ್ಥಿಗಳನ್ನು ಗಮನಿಸಿದಾಗ ಬೇರೆಯೇ ಕಂಡಿತು. ಅದು 2010ರಲ್ಲಿ ಪ್ರಕಟವಾಯಿತು. ಮೊದಲ ಪರೀಕ್ಷೆಗೆ ಓದದೆ ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಕಾರಣ ಸರಳ. ಬೈದುಕೊಂಡಷ್ಟೂ ಆ ಕೆಲಸಕ್ಕೆ ಅವಮಾನ ಅಂಟಿಕೊಳ್ಳುತ್ತದೆ. ಅವಮಾನ ಅಂಟಿದ ಕೆಲಸವನ್ನು ಮುಟ್ಟಲು ಇನ್ನೂ ಕಷ್ಟ. ಮೂರು ವರ್ಷ ತಡವಾಯಿತು, ನಿಜ. ತಂದೆಯನ್ನು ಕಳೆದುಕೊಂಡು, ತೋಟ ಪೂರ್ತಿ ಹೆಗಲಿಗೆ ಬಂದ ಮೂರು ವರ್ಷ ಅವು. ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇನ್ನು ಮಾಡುವುದು ಏನು? ‘ಖಾತೆ ಮಾಡಿಸುವುದು’ ಎಂಬ ಮಾತನ್ನು ಸದ್ಯಕ್ಕೆ ಬಿಡಿ. ಅದು ಒಂದು ಕೆಲಸ ಅಲ್ಲ, ಹತ್ತು ಕೆಲಸ. ಅಷ್ಟೂ ಒಟ್ಟಿಗೆ ಕಣ್ಣ ಮುಂದೆ ಬಂದರೆ ಯಾರಾದರೂ ಹಿಂದೆ ಸರಿಯುತ್ತಾರೆ. ಮೊದಲ ದಿನ ಫೈಲನ್ನು ಬೀರುವಿನಿಂದ ಇಳಿಸಿ ಮೇಜಿನ ಮೇಲಿಡಿ. ತೆರೆಯಬೇಡಿ. ಹಾಗೇ ಇರಲಿ. ಮರುದಿನ ಅಮ್ಮನ ಜೊತೆ ಕೂತು ತೆರೆಯಿರಿ. ಒಬ್ಬರೇ ಬೇಡ. ಅಪ್ಪನ ಕಾಗದ ನೋಡಿ ಅಳು ಬಂದರೆ ಇಬ್ಬರೂ ಅತ್ತುಬಿಡಿ. ಅಂದು ಬೇರೇನೂ ಮಾಡಬೇಕಾಗಿಲ್ಲ. ಮೂರು ವರ್ಷ ತಪ್ಪಿಸಿಕೊಂಡಿದ್ದು ಆ ಗಳಿಗೆಯಿಂದಲೇ. ಅದು ಬಂದು ಹೋಗುತ್ತದೆ ಎಂದು ಒಮ್ಮೆ ಗೊತ್ತಾದರೆ ಮುಂದಿನದು ಓಡಾಟ ಅಷ್ಟೆ.

ಅದಾದ ಮೇಲೆ ಅಕ್ಕನಿಗೆ ಫೋನ್ ಮಾಡಿ, ಆಮೇಲೆ ತಂಗಿಗೆ. ಇದನ್ನು ಕಚೇರಿಗೆ ಹೋಗುವ ಮುಂಚೆಯೇ ಮಾಡಿ. ಉದ್ದ ಪೀಠಿಕೆ ಬೇಡ. ‘ಅಕ್ಕ, ಅಪ್ಪನ ಪೌತಿ ಖಾತೆಗೆ ಅರ್ಜಿ ಹಾಕುತ್ತಿದ್ದೇನೆ. ನಮ್ಮೆಲ್ಲರ ಹೆಸರೂ ಬರುತ್ತದೆ. ಪಾಲಿನ ಮಾತು ನೀವೆಲ್ಲ ಊರಿಗೆ ಬಂದಾಗ ಕೂತು ಆಡೋಣ. ಈಗ ನಿನ್ನ ಆಧಾರ್ ಪ್ರತಿ ಕಳಿಸು’ ಎಂದರೆ ಸಾಕು. ಅವರು ಏನಾದರೂ ಖಾರವಾಗಿ ಹೇಳಿದರೆ ‘ಸರಿ ಅಕ್ಕ, ಬಂದಾಗ ಮಾತಾಡೋಣ’ ಎನ್ನಿ. ಹಾಗೇನೂ ಹೇಳದೆಯೂ ಇರಬಹುದು. ನೀವು ಯಾವಾಗ ಮಾಡುತ್ತೀರಿ ಎಂದು ಅವರೇ ಕೇಳಲಾಗದೆ ಸುಮ್ಮನಿರುವ ಸಾಧ್ಯತೆಯೂ ಇದೆ.

ಕಚೇರಿಗೆ ಹೋಗುವುದಕ್ಕೆ ರಾತ್ರಿಯ ಸಂಕಲ್ಪ ನಂಬಬೇಡಿ. ರಾತ್ರಿ ಮಲಗುವಾಗ ‘ನಾಳೆ ಹೋಗುತ್ತೇನೆ’ ಎನ್ನುವುದು ಸುಲಭ, ಏಕೆಂದರೆ ಹೋಗಬೇಕಾದವನು ನಾಳೆಯವನು. ಹಾಗೆ ಅಂದುಕೊಂಡದ್ದೇ ಒಂದು ಸಮಾಧಾನ ಕೊಟ್ಟು ನಿದ್ದೆ ಬರಿಸುತ್ತದೆ. ಅದರ ಬದಲು ಪೀಟರ್ ಗೋಲ್‌ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರು ಹೇಳಿದ ಒಂದು ಕ್ರಮ ಇದೆ. ‘ಇಂಥ ಹೊತ್ತು ಬಂದಾಗ, ಇಂಥ ಜಾಗದಲ್ಲಿ, ಇಂಥದ್ದು ಮಾಡುತ್ತೇನೆ’ ಎಂದು ಮೊದಲೇ ಕಟ್ಟಿಡುವುದು. 2006ರಲ್ಲಿ ಅವರು ಮತ್ತು ಪ್ಯಾಸ್ಕಲ್ ಶೀರನ್ 94 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಬರೀ ಸಂಕಲ್ಪಕ್ಕಿಂತ ಇದು ಸಾಕಷ್ಟು ಹೆಚ್ಚು ಕೆಲಸ ಮಾಡುತ್ತದೆ ಎಂದು ಕಂಡಿತು. ನಿಮ್ಮ ವಿಷಯದಲ್ಲಿ ಹೀಗಿರಲಿ: ‘ಮಂಗಳವಾರ ಮಗುವನ್ನು ಶಾಲೆಯ ಬಸ್ಸಿಗೆ ಹತ್ತಿಸಿದ ಮೇಲೆ ಮನೆಗೆ ವಾಪಸ್ ಬರದೆ ಅಲ್ಲಿಂದಲೇ ನಾಡಕಚೇರಿಗೆ ಹೋಗುತ್ತೇನೆ.’ ಮಕ್ಕಳ ವಿಷಯ ನೀವು ಬರೆದಿಲ್ಲ. ಶಾಲೆಯ ಬಸ್ಸು ಇಲ್ಲದಿದ್ದರೆ ಡೈರಿಗೆ ಹಾಲು ಹಾಕಿದ ಮೇಲೆ ಎಂದು ಇಟ್ಟುಕೊಳ್ಳಿ. ನೀವು ದಿನಾ ತಪ್ಪದೆ ಮಾಡುವ ಯಾವುದಾದರೂ ಕೆಲಸದ ಬಾಲಕ್ಕೆ ಇದನ್ನು ಕಟ್ಟಬೇಕು. ಮನೆಗೆ ವಾಪಸ್ ಬಂದರೆ ತೋಟ ಕಾಣುತ್ತದೆ, ತೋಟ ಕಂಡರೆ ಕೆಲಸ ಕಾಣುತ್ತದೆ. ಆ ತೋಟದ ಕೆಲಸವೂ ನಿಜವಾದದ್ದೇ, ಅದಕ್ಕೇ ಅದು ಅಷ್ಟು ಒಳ್ಳೆಯ ನೆಪ.

ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಈ ಕೆಲಸ ಮಾಡಿಸಿ ಗೊತ್ತಿರುವ ಚಿಕ್ಕಪ್ಪನೋ, ಪಕ್ಕದ ತೋಟದವರೋ ಇದ್ದೇ ಇರುತ್ತಾರೆ. ‘ಮಂಗಳವಾರ ಹತ್ತು ಗಂಟೆಗೆ ಬನ್ನಿ’ ಎಂದು ಅವರಿಗೆ ಹೇಳಿದಿರೋ, ಅದೇ ನಿಮ್ಮ ಹೊರಗಿನ ಗಡುವು. ಅವರು ಬಂದು ಕಾಯುತ್ತಿದ್ದಾರೆ ಎಂದಾಗ ನೀವು ಹೋಗುತ್ತೀರಿ. ಕೆಲಸದವರು ಬಂದು ನಿಂತಾಗ ತಪ್ಪದೆ ಹೋಗುವವರು ನೀವು. ಮೊದಲ ಭೇಟಿಯಲ್ಲಿ ಕೇಳಬೇಕಾದದ್ದು ಇಷ್ಟೇ: ವಂಶವೃಕ್ಷಕ್ಕೆ ಏನು ಬೇಕು, ಪೌತಿ ಖಾತೆ ಅರ್ಜಿಗೆ ಏನೇನು ಲಗತ್ತಿಸಬೇಕು. ಬರೆದುಕೊಂಡು ಬನ್ನಿ. ಅಂದಿನ ಕೆಲಸ ಮುಗಿಯಿತು.

ಫೋನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾತ್ರಿ ಅದನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ, ತಿಂಡಿ ತಿಂದ ಮೇಲೆ ತೆಗೆದುಕೊಳ್ಳಿ. ಆಗಲಿಲ್ಲ ಎಂದರೂ ದೊಡ್ಡ ಚಿಂತೆ ಬೇಡ. ಒಳಗಿನ ಕಸಿವಿಸಿ ಕಡಿಮೆ ಆದರೆ ಫೋನಿನ ಎಳೆತವೂ ಕಡಿಮೆ ಆಗುತ್ತದೆ.

ಮಾತ್ರೆ ಕೇಳಿದ್ದೀರಿ. ಮುಂದೂಡುವುದಕ್ಕೆ ಅಂತಲೇ ಮಾತ್ರೆ ಇಲ್ಲ. ಆದರೆ ಕೆಲವು ಸಲ ಅದರ ಹಿಂದೆ ಚಿಕಿತ್ಸೆ ಬೇಕಾದ ತೊಂದರೆ ಇರುತ್ತದೆ. ನಿಮ್ಮನ್ನೇ ಕೇಳಿಕೊಳ್ಳಿ. ಎರಡು ವಾರಕ್ಕಿಂತ ಜಾಸ್ತಿ ದಿನದಿಂದ ಯಾವುದರಲ್ಲೂ ಆಸಕ್ತಿ ಇಲ್ಲವೇ? ನಸುಕಿನಲ್ಲೇ ಎಚ್ಚರವಾಗಿ ಮತ್ತೆ ನಿದ್ದೆ ಬರುವುದಿಲ್ಲವೇ? ಊಟ ಸೇರುತ್ತಿಲ್ಲವೇ? ಬದುಕೇ ಬೇಡ ಅನ್ನಿಸುತ್ತದೆಯೇ? ಸಂಜೆಯ ಕುಡಿತ ಜಾಸ್ತಿ ಆಗಿದೆಯೇ? ಇದರಲ್ಲಿ ಯಾವುದಕ್ಕಾದರೂ ಹೌದು ಎಂದಾದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ. ಅಲ್ಲಿಗೆ ಹೋಗುವುದು ಸಂಕೋಚ ಅನ್ನಿಸಿದರೆ 14416ಕ್ಕೆ ಕರೆ ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮನಸ್ ಸಹಾಯವಾಣಿ. ಕರೆಗೆ ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಬದುಕೇ ಬೇಡ ಅನ್ನಿಸುತ್ತಿದ್ದರೆ ನಾಳೆಗೆ ಕಾಯದೆ ಈಗಲೇ ಕರೆ ಮಾಡಿ. ಚಿಕ್ಕಂದಿನಿಂದಲೂ ಎಲ್ಲ ಕೆಲಸದಲ್ಲೂ ಗಮನ ನಿಲ್ಲದೆ ಅರ್ಧಕ್ಕೇ ಬಿಡುವವರಿಗೆ ಎ.ಡಿ.ಎಚ್.ಡಿ. ಎಂಬ ತೊಂದರೆ ಇರಬಹುದು. ಅದಕ್ಕೆ ಔಷಧಿ ಇದೆ. ನಿಮ್ಮ ಪತ್ರದಲ್ಲಿ ಅದರ ಲಕ್ಷಣ ನನಗೆ ಕಾಣಲಿಲ್ಲ. ಒಂದೇ ಒಂದು ವಿಷಯದಲ್ಲಿ ನಿಂತಿದ್ದೀರಿ, ಉಳಿದದ್ದೆಲ್ಲ ನಡೆಯುತ್ತಿದೆ.

ನಿಮ್ಮ ಮನೆಯವರಿಗೂ ಈ ಪತ್ರ ಓದಲು ಕೊಡಿ. ಅವರ ಸಿಟ್ಟು ಸುಮ್ಮನೆ ಬಂದದ್ದಲ್ಲ. ಸಾಲ ನಿಂತರೆ ಮನೆ ನಡೆಸುವ ಚಿಂತೆ ಅವರಿಗೂ ಇದೆ. ಇದನ್ನು ಓದುತ್ತಿರುವ ಅವರ ಹೆಂಡತಿಯವರೇ, ನಿಮಗೂ ಒಂದು ಮಾತು. ‘ಹೋದ್ರಾ, ಇಲ್ವಾ’ ಎಂದು ಕೇಳುವ ಬದಲು ‘ಆ ಮಂಗಳವಾರ ತೋಟದಲ್ಲಿ ಕೆಲಸದವರನ್ನು ನಾನು ನೋಡಿಕೊಳ್ಳುತ್ತೇನೆ’ ಎಂದರೆ ಅವರಿಗೆ ದೊಡ್ಡ ಸಹಾಯ.

ಒಂದು ಎಚ್ಚರಿಕೆಯನ್ನೂ ಕೊಡಬೇಕು. ಕೆಲಸ ನೀವು ಎಣಿಸಿದಷ್ಟು ಬೇಗ ಆಗುವುದಿಲ್ಲ. 1994ರ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಮುಗಿಸಲು ಸರಾಸರಿ 34 ದಿನ ಸಾಕು ಎಂದಿದ್ದರು. ಆಗಿದ್ದು ಸುಮಾರು 55 ದಿನ. ಅದು ತಮ್ಮ ಕೈಯಲ್ಲೇ ಇದ್ದ ಕೆಲಸ. ನಿಮ್ಮದರಲ್ಲಿ ಕಚೇರಿಯೂ ಸೇರಿದೆ. ಒಂದು ದಿನ ಸರ್ವರ್ ಇರುವುದಿಲ್ಲ, ಒಂದು ದಿನ ಸಾಹೇಬರು ಮೀಟಿಂಗಿಗೆ ಹೋಗಿರುತ್ತಾರೆ, ಒಂದು ದಿನ ಇನ್ನೊಂದು ಪ್ರತಿ ತನ್ನಿ ಎನ್ನುತ್ತಾರೆ. ಇಂಥ ಒಂದು ದಿನ ಬಂದಾಗಲೇ ಫೈಲು ಮತ್ತೆ ಬೀರುವಿನ ಮೇಲೆ ಹೋಗುವ ಅಪಾಯ ಜಾಸ್ತಿ. ಅದಕ್ಕೆ ಈಗಲೇ ಕಟ್ಟಿಟ್ಟುಕೊಳ್ಳಿ: ‘ಕೆಲಸ ಆಗಲಿಲ್ಲ ಎಂದರೆ ಕಚೇರಿಯ ಮೆಟ್ಟಿಲಿಳಿಯುವ ಮೊದಲೇ ಮುಂದಿನ ದಿನ ಯಾವುದೆಂದು ಕೇಳಿ, ಜೊತೆಗೆ ಬಂದವರ ಎದುರೇ ಆ ದಿನ ಗೊತ್ತು ಮಾಡುತ್ತೇನೆ.’ ಕೊಯ್ಲು ಮುಗಿದು ಹೂಮಳೆ ಶುರುವಾಗುವ ಮುಂಚಿನ ಈ ವಾರಗಳಲ್ಲಿ ನಿಮಗೆ ಸ್ವಲ್ಪ ಬಿಡುವಿದೆ. ಮೊದಲ ಎರಡು ಮೂರು ಭೇಟಿಗಳನ್ನು ಇದರೊಳಗೇ ಇಟ್ಟುಕೊಳ್ಳಿ. ಅಕ್ಕ-ತಂಗಿಯ ಜೊತೆ ಮಾತಾಡಿದ ಮೇಲೆ ಏನಾದರೂ ತೊಡಕು ಬಂದರೆ ನನಗೆ ಮತ್ತೆ ಬರೆಯಿರಿ.